ಸ್ಕ್ಯಾನ್ ಸರಿಯಿದ್ದರೂ ಮೂಳೆ ಮುರಿದದ್ದೇಕೆ?

ಪ್ರಶ್ನೆ: ನಮ್ಮ ಅತ್ತೆಯವರಿಗೆ 64 ವರ್ಷ. ಸಕ್ಕರೆ ಕಾಯಿಲೆ ಬಂದು 15 ವರ್ಷವಾಯಿತು. ಕಳೆದ ಶನಿವಾರ ಒಪ್ಪತ್ತಿದ್ದರು. ರಾತ್ರಿ ಒಂದು ಬಾಳೆಹಣ್ಣು ತಿಂದು, ಎಂದಿನ ಮಾತ್ರೆ ನುಂಗಿ ಮಲಗಿದರು. ಮೂರು ಗಂಟೆಗೆ ಬಚ್ಚಲಿಗೆ ಹೋಗುವಾಗ ಹೊಸ್ತಿಲ ಬಳಿ ಬಿದ್ದು ಬಲ ಮಣಿಕಟ್ಟು ಮುರಿಯಿತು. ಎತ್ತಿ ಕೂರಿಸಿದಾಗ ಮೈಯೆಲ್ಲ ಬೆವರಿತ್ತು. ಸ್ಕ್ಯಾನ್‌ನಲ್ಲಿ ಮೂಳೆ ಸಾಂದ್ರತೆಯ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 1.6 ಬಂದಿದೆ, ಹೆದರಬೇಕಿಲ್ಲ ಎಂದರು. ಮತ್ತೆ ಮುರಿದದ್ದೇಕೆ? ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ಪಯೋಗ್ಲಿಟಜೋನ್ ಸೇರಿದ ಮಾತ್ರೆ ತೆಗೆದುಕೊಳ್ಳುತ್ತಾರೆ. ರಾಗಿ ಕೊಟ್ಟರೆ ಸಾಕೇ?
– ಒಬ್ಬ ಸೊಸೆ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಬೆವರು. ಗ್ಲಿಮೆಪಿರೈಡ್ ಊಟ ಮಾಡಿದರೂ ಮಾಡದಿದ್ದರೂ ತನ್ನ ಕೆಲಸ ಮಾಡುತ್ತದೆ. ಅರೆಹೊಟ್ಟೆಯಲ್ಲಿ ಮಲಗಿದವರ ಸಕ್ಕರೆ ನಡುರಾತ್ರಿ ಕುಸಿದು, ಕಣ್ಣು ಕತ್ತಲೆ ಬಂದು ಬಿದ್ದಿರುವ ಸಾಧ್ಯತೆಯೇ ಹೆಚ್ಚು. ಗ್ಲುಕೋಮೀಟರ್ ಹಾಸಿಗೆಯ ಪಕ್ಕದಲ್ಲಿರಲಿ. 70ಕ್ಕಿಂತ ಕಡಿಮೆ ಬಂದರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ.

ಇನ್ನು ಮೂಳೆಯ ಮಾತು. ಸ್ಕ್ಯಾನ್ ಅಳೆಯುವುದು ಮೂಳೆಯಲ್ಲಿ ಖನಿಜ ಎಷ್ಟಿದೆ ಎಂಬುದನ್ನು ಮಾತ್ರ. ಆ ಖನಿಜವನ್ನು ಹಿಡಿದಿಡುವುದು ಕೊಲಾಜನ್ ಎಂಬ ನಾರು. ವರ್ಷಗಟ್ಟಲೆ ರಕ್ತದಲ್ಲಿ ಹೆಚ್ಚಿದ ಸಕ್ಕರೆ ಆ ನಾರಿಗೆ ಅಂಟಿಕೊಂಡು ಅದನ್ನು ಬಿರುಸಾಗಿಸುತ್ತದೆ. ಹಳೆಯ ಮೂಳೆ ಕರಗಿ ಹೊಸದು ಕಟ್ಟುವ ಕೆಲಸವೂ ನಿಧಾನವಾಗುತ್ತದೆ. ಹಸಿ ಬಿದಿರು ಬಾಗುತ್ತದೆ, ಒಣಗಿದ್ದು ಸೀಳುತ್ತದೆ. ಸಾಂದ್ರತೆ ಚೆನ್ನಾಗಿದ್ದೂ ಮೂಳೆ ಮುರಿಯುವುದು ಟೈಪ್ 2 ಮಧುಮೇಹದಲ್ಲಿ ಸಾಮಾನ್ಯ. ಮೈನಸ್ 2.5 ಮುಟ್ಟಿದರೆ ಮಾತ್ರ ಮೂಳೆ ಸವೆತ ಎಂಬ ಗೆರೆ ಇವರಿಗೆ ಸಾಲದು. ಅದಕ್ಕೇ ತಜ್ಞರು ಇಂಥವರ ಅಂಕದಿಂದ ಇನ್ನೂ 0.5 ಕಳೆದು ಓದುತ್ತಾರೆ; ಆಗ ನಿಮ್ಮ ಅತ್ತೆಯವರದು ಮೈನಸ್ 2.1. ನಿಂತಲ್ಲಿಂದ ಬಿದ್ದು ಮುರಿದಿದೆ ಎಂಬುದು ಯಾವ ಅಂಕಕ್ಕಿಂತಲೂ ದೊಡ್ಡ ಸಾಕ್ಷಿ.

ನನ್ನ ತಾಯಿಗೂ ಮೊದಲು ಮುರಿದದ್ದು ಮಣಿಕಟ್ಟೇ. ಕಟ್ಟು ಬಿಚ್ಚಿದ ದಿನ ಎಲ್ಲ ಮುಗಿಯಿತೆಂದುಕೊಂಡೆವು. ಎರಡು ವರ್ಷದ ನಂತರ ಸೊಂಟದ ಮೂಳೆ ಮುರಿಯಿತು, ಆಮೇಲೆ ಅವರು ಅಂಗಳದ ತುಳಸಿಯವರೆಗೂ ಒಬ್ಬರೇ ನಡೆಯಲಿಲ್ಲ. ಆದ್ದರಿಂದ ಈ ಮಣಿಕಟ್ಟನ್ನು ಸಣ್ಣದೆಂದು ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಪಯೋಗ್ಲಿಟಜೋನ್ ತೆಗೆದುಕೊಳ್ಳುವ ಹೆಂಗಸರಲ್ಲಿ ಕೈಕಾಲಿನ ಮೂಳೆ ಮುರಿಯುವುದು ಹೆಚ್ಚು ಎಂಬ ಎಚ್ಚರಿಕೆ 2007ರಲ್ಲೇ ಬಂದಿದೆ. ಅದನ್ನು ಬದಲಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ವಿಟಮಿನ್ ಡಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿಸಿ, ಮೂಳೆಗೆ ಔಷಧ ಬೇಕೇ ಎಂಬುದನ್ನು ಅವರು ನಿರ್ಧರಿಸಲಿ. ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗಿ ಪಾದ ಜೋಮು ಹಿಡಿಯುವುದುಂಟು, ಅದನ್ನೂ ಪರೀಕ್ಷಿಸಿ. ಕಣ್ಣಿನ ತಪಾಸಣೆ ಬಾಕಿಯಿದ್ದರೆ ಮುಗಿಸಿ.

ರಾಗಿ ಒಳ್ಳೆಯದೇ. ನೂರು ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಆದರೆ ಈ ವಯಸ್ಸಿಗೆ ದಿನಕ್ಕೆ 1200 ಬೇಕು. ಮುದ್ದೆಯ ಜೊತೆಗೆ ಹಾಲು, ಮಜ್ಜಿಗೆ, ಸೊಪ್ಪು ಇರಲಿ. ಸೋಸಿದ ಗಂಜಿ ಬೇಡ, ಅದು ಸಕ್ಕರೆಯನ್ನು ಬೇಗ ಏರಿಸುತ್ತದೆ.

ಬಚ್ಚಲ ದಾರಿಗೆ ರಾತ್ರಿಯಿಡೀ ಒಂದು ದೀಪ ಉರಿಯಲಿ. ಒಪ್ಪತ್ತು ಅವರ ನಂಬಿಕೆ, ಬಿಡಿಸಬೇಡಿ. ಆ ರಾತ್ರಿಯ ಮಾತ್ರೆ ಎಷ್ಟಿರಬೇಕೆಂದು ಮುಂದಿನ ಶನಿವಾರಕ್ಕೆ ಮೊದಲೇ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ.