ಗುರುಮಠಕಲ್ ಕಡೆ ಪೋಸ್ಟಿಂಗ್ ಸಿಕ್ಕ ಮೇಡಂಗೆ

ಮೇಡಂ, ಹಾಸನದಿಂದ ನಮ್ಮ ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆ ಬರುತ್ತಿದ್ದೀರಿ, ತುಂಬಾ ಸಂತೋಷ. ಯಾದಗಿರಿ ಮಕ್ಕಳು ಯಾಕೆ ಯಾವಾಗಲೂ ಹಿಂದೆ, ನಾನು ಬಂದು ಏನು ಮಾಡಬಹುದು ಅಂತ ಕೇಳಿದ್ದೀರಿ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿಗೆ ಶೇ 94 ಬಂತು. ನಮಗೆ ಶೇ 50.59, ರಾಜ್ಯಕ್ಕೇ ಕೊನೆ. ಆ ದಿನ ಪೇಪರ್ ನೋಡಿ ನನಗೆ ಊಟ ಸೇರಲಿಲ್ಲ. ಈ ಗಡಿ ಹಳ್ಳಿಗಳಲ್ಲೇ ಪಾಠ ಮಾಡಿ ನಿವೃತ್ತನಾದವನು ನಾನು. ಈ ಮಕ್ಕಳು ಎಷ್ಟು ಚುರುಕು ಅಂತ ನನಗೆ ಗೊತ್ತು.

ಇಲ್ಲಿಂದ ತೆಲಂಗಾಣದ ನಾರಾಯಣಪೇಟೆ ಹತ್ತಿರವೇ. ನಿಮ್ಮ ಕ್ಲಾಸಿನಲ್ಲಿ ಮನೆಮಾತು ತೆಲುಗು ಇರೋರು ಇರುತ್ತಾರೆ. ತಾಂಡಾದಿಂದ ಬಂದವರದು ಲಂಬಾಣಿ. ಕೆಲವರದು ಉರ್ದು. ಕನ್ನಡದ ಮನೆಯ ಹುಡುಗನಿಗೂ ಪುಸ್ತಕದ ಕನ್ನಡ ಬೇರೆಯೇ. ಅವನ ಬಾಯಲ್ಲಿ ‘ಸಾಲಿ’, ಪುಸ್ತಕದಲ್ಲಿ ‘ಶಾಲೆ’. ಮೊದಲ ದಿನವೇ ಅವನ ಮಾತು ತಿದ್ದಲು ಹೋದರೆ ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ. ನಾನೂ ಶುರುವಿನಲ್ಲಿ ಹಾಗೆ ತಿದ್ದಿದವನೇ. ಎಷ್ಟೋ ಮಕ್ಕಳು ಆ ವರ್ಷ ಪೂರ್ತಿ ನನ್ನ ಜೊತೆ ಮಾತೇ ಆಡಲಿಲ್ಲ. ಈಗಲೂ ಆ ನೋವಿದೆ.

ಆಮೇಲೆ ಬೋರ್ಡಿನ ಮೇಲೆ ಎಲ್ಲರ ಮಾತೂ ಬರೆಯತೊಡಗಿದೆ. ನೀರು, ನೀಳ್ಳು, ಪಾನಿ, ಪಾಣಿ. ತೆಲುಗು ಮಕ್ಕಳ ಜೊತೆ ಒಂದು ಆಟ ಆಡಬಹುದು. ಅವರು ಪಾಲು ಅಂದರೆ ನಾವು ಹಾಲು. ಪುಲಿ ಅಂದರೆ ಹುಲಿ. ಪದಿ ಅಂದರೆ ಹತ್ತು. ನಾಲ್ಕು ಪದ ಆಗುವಷ್ಟರಲ್ಲಿ ಅವರೇ ಹೊಸದು ಹುಡುಕಿ ಕೂಗುತ್ತಾರೆ. ಲಂಬಾಣಿ ಮಕ್ಕಳಿಗೆ ಈ ಸುಲಭದ ದಾರಿ ಇಲ್ಲ, ಅವರಿಗೆ ಜಾಸ್ತಿ ಸಮಯ ಕೊಡಿ. ‘ಯಾಡಿ’ ಅಂದರೆ ಅವ್ವ. ಅಷ್ಟು ಕಲಿತು ಬಂದರೂ ಆ ಮಕ್ಕಳ ಮುಖ ಅರಳುತ್ತೆ.

ಊಟದ ಬಗ್ಗೆ ಚಿಂತೆ ಬೇಡ. 2002ರಲ್ಲಿ ರಾಜ್ಯದಲ್ಲಿ ಬಿಸಿಯೂಟ ಮೊದಲು ಶುರುವಾಗಿದ್ದೇ ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ. 2021ರ ಡಿಸೆಂಬರ್‌ನಲ್ಲಿ ಮೊಟ್ಟೆಯೂ ಬಂತು. ಮಕ್ಕಳ ಮೈ ತುಂಬಿದ್ದನ್ನು ಕಣ್ಣಾರೆ ನೋಡಿದ್ದೇನೆ.

ನಿಜವಾದ ಕಷ್ಟ ದಸರಾ ಆದ ಮೇಲೆ. ಹತ್ತಿ ಒಡೆಯುತ್ತೆ. ಬಿಡಿಸಿದ್ದಕ್ಕೆ ಕೆಜಿ ಲೆಕ್ಕದಲ್ಲಿ ಕೂಲಿ, ಹಾಗಾಗಿ ಮಕ್ಕಳ ಕೈಯೂ ಬೇಕು ಅನ್ನುತ್ತಾರೆ. ಇನ್ನು ಕೆಲವು ಮನೆಗಳು ಪೂರ್ತಿ ಗುಳೆ ಹೋಗುತ್ತವೆ, ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈ. ಮಳೆ ನಂಬಿದ ಹೊಲ, ತಲೆ ಮೇಲೆ ಸಾಲ. ಅವರನ್ನು ತಪ್ಪು ಅನ್ನುವುದು ಹೇಗೆ? ಮುಂಗಡ ತೆಗೆದುಕೊಂಡಿರುತ್ತಾರೆ, ಮೇಸ್ತ್ರಿ ಕರೆದಾಗ ಹೋಗಲೇಬೇಕು. ಅಜ್ಜಿ ಊರಲ್ಲಿದ್ದರೆ ಮಗುವನ್ನು ಬಿಟ್ಟು ಹೋಗುತ್ತಾರೆ. ಹೋಗುವ ಮೊದಲೇ ಆ ಅಜ್ಜಿ ಹತ್ತಿರ ಕೂತು ಮಾತಾಡಿ. ಗುಳೆ ಹೋದವರ ಮಕ್ಕಳು ಆ ತಿಂಗಳುಗಳಲ್ಲಿ ಇರುವ ಸೀಸನಲ್ ಹಾಸ್ಟೆಲ್ ತೆರೆದಿದ್ದರೆ ಅದನ್ನೂ ತಿಳಿಸಿ. ಅಜ್ಜಿಯೂ ಇಲ್ಲ, ಹಾಸ್ಟೆಲ್ಲೂ ಇಲ್ಲ ಅಂದರೆ ಮಗು ಯುಗಾದಿ ಹೊತ್ತಿಗೆ ವಾಪಸ್ ಬರುತ್ತೆ. ಅಷ್ಟರಲ್ಲಿ ಪಾಠ ಮುಗಿದಿರುತ್ತೆ.

ಒಂದರಿಂದ ಮೂರನೇ ಕ್ಲಾಸಿನವರೆಗೆ ನಲಿಕಲಿ ಇದೆಯಲ್ಲ, ಅಲ್ಲಿ ಇದಕ್ಕೆ ದಾರಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಪ್ರತಿ ಮಗುವಿಗೂ ಕಲಿಕೆಯ ಏಣಿಯ ಮೇಲೆ ಅದರದ್ದೇ ಮೆಟ್ಟಿಲು, ಅದರದ್ದೇ ಕಾರ್ಡು. ಮೂರು ತಿಂಗಳು ಬಿಟ್ಟು ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತೆ. ಬಡವರ ಮಕ್ಕಳಿಗೆ ಇದಕ್ಕಿಂತ ಹೊಂದುವ ಪದ್ಧತಿ ನಾನು ಕಂಡಿಲ್ಲ. ಆದರೆ ನಾಲ್ಕನೇ ಕ್ಲಾಸಿಗೆ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪಾಠ. ಗುಳೆ ಹೋದ ಮಗು ಅಲ್ಲೇ ಜಾರುತ್ತೆ. ಭಾಗಾಕಾರ ಬರದೇ ಹೈಸ್ಕೂಲಿಗೆ ಹೋಗುತ್ತೆ. ಹತ್ತನೇ ಕ್ಲಾಸಿನಲ್ಲಿ ರಾತ್ರಿ ಕ್ಲಾಸ್ ಮಾಡಿ ಅದನ್ನು ತುಂಬಿಸುವುದು ಆಗದ ಮಾತು.

ಅದಕ್ಕೆ ನನ್ನದೊಂದು ಕೇಳಿಕೆ. ನಾಲ್ಕರಿಂದ ಏಳರವರೆಗೂ ಪ್ರತಿ ಮಗುವಿನ ಹೆಸರಲ್ಲಿ ಒಂದು ಪುಟ ಇಡಿ. ಓದುವುದು ಎಲ್ಲಿಗೆ ಬಂದಿದೆ, ಲೆಕ್ಕ ಎಲ್ಲಿ ನಿಂತಿದೆ, ಬರೆದಿಡಿ. ದಿನಕ್ಕೆ ಮುಕ್ಕಾಲು ಗಂಟೆ ಯಾರು ಯಾವ ಕ್ಲಾಸ್ ಅನ್ನೋದು ಮರೆತು, ಆ ಪುಟ ನೋಡಿ ಗುಂಪು ಮಾಡಿ ಕೂರಿಸಿ. ಐದನೇ ಕ್ಲಾಸಿನವನು ನಾಲ್ಕನೆಯವರ ಜೊತೆ ಕೂತರೆ ಯಾರೂ ನಗದಂತೆ ನೋಡಿಕೊಳ್ಳಿ. ನಾವು ನಾಲ್ಕು ವರ್ಷ ಹೀಗೆ ಮಾಡಿದೆವು. ಏಳನೇ ಕ್ಲಾಸ್ ಮುಗಿಸುವಾಗ ಓದಲು ಬಾರದ ಮಕ್ಕಳು ಬೆರಳೆಣಿಕೆಯಷ್ಟೇ ಉಳಿದರು.

ಜೂನ್‌ನಲ್ಲೇ ಪ್ರತಿ ಮನೆಗೆ ಹೋಗಿ, ಈ ಸಲ ಯಾವ ತಿಂಗಳು ಹೊರಡುತ್ತೀರಿ ಅಂತ ಕೇಳಿ ಅದೇ ಪುಟದಲ್ಲಿ ಗುರುತು ಹಾಕಿ. ಹೊರಡುವ ದಿನ ಮಗುವಿನ ಕೈಗೆ ಒಂದು ನೋಟ್‌ಬುಕ್, ಎರಡು ಪೆನ್ಸಿಲ್ ಕೊಡಿ. ನಿಮ್ಮ ಫೋನ್ ನಂಬರ್ ಮೊದಲ ಹಾಳೆಯಲ್ಲಿ ಬರೆದಿರಲಿ. ಯುಗಾದಿಗೆ ಆ ನೋಟ್‌ಬುಕ್ ಖಾಲಿ ವಾಪಸ್ ಬಂದರೂ ಬೈಯಬೇಡಿ ಮೇಡಂ, ಮಗು ಬಂದಿದೆ.