ಆರೇ ಹಾರಾಟ, 42 ವರ್ಷದ ನೌಕರಿ

ಶಿವಮೊಗ್ಗದ ಓದುಗರೇ, ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಅಮೆರಿಕದ ಜಾನ್ ಯಂಗ್ ಅವರನ್ನು ‘ದೀರ್ಘಕಾಲ ದುಡಿದ ಗಗನಯಾತ್ರಿ’ ಎಂದದ್ದಕ್ಕೆ ನೀವು ತಕರಾರು ತೆಗೆದಿದ್ದೀರಿ. ‘ಈಗಿನವರು ಒಂದೇ ಸಲಕ್ಕೆ ಆರು ತಿಂಗಳು ಇದ್ದು ಬರುತ್ತಾರೆ, ಇವರದೇನು ಹೆಚ್ಚುಗಾರಿಕೆ?’ ಎಂಬುದು ನಿಮ್ಮ ಪ್ರಶ್ನೆ. ಸ್ಯಾಂಡ್‌ವಿಚ್ ಒಂದನ್ನು ಅವರು ಬಾಹ್ಯಾಕಾಶಕ್ಕೆ ಕದ್ದು ಒಯ್ದ ಕತೆ ನಿಜವೇ ಎಂದೂ ಕೇಳಿದ್ದೀರಿ.

ಲೆಕ್ಕ ನಿಮ್ಮದೇ ಸರಿ. ಆರು ಹಾರಾಟ ಸೇರಿಸಿದರೂ ಅವರು ಮೇಲಿದ್ದದ್ದು ಸುಮಾರು 35 ದಿನ. ಆದರೆ 1962ರಲ್ಲಿ ನಾಸಾ ಸೇರಿದವರು ಬಿಟ್ಟದ್ದು 2004ರ ಕೊನೆಗೆ. ಜೆಮಿನಿ ನೌಕೆಯಲ್ಲಿ ಎರಡು ಸಲ, ಅಪೊಲೊದಲ್ಲಿ ಎರಡು ಸಲ, ಮತ್ತೆ ಮತ್ತೆ ಹಾರಿಸಬಹುದಾದ ನೌಕೆ ಶಟಲ್‌ನಲ್ಲಿ ಎರಡು ಸಲ ಹೋದರು. 1972ರಲ್ಲಿ ಚಂದ್ರನ ಮೇಲೆ ಮೂರು ದಿನ ಇದ್ದು, ಜೀಪಿನಂಥ ಗಾಡಿ ಓಡಿಸಿ ಬಂದರು.

ನನಗೆ ಜಾಸ್ತಿ ಇಷ್ಟ 1981ರ ಏಪ್ರಿಲ್‌ನ ಕೊಲಂಬಿಯಾ ಶಟಲ್ ಹಾರಾಟ. ಅದಕ್ಕೂ ಮುಂಚೆ ಶಟಲ್ ಒಮ್ಮೆಯೂ ಬಾಹ್ಯಾಕಾಶಕ್ಕೆ ಹೋಗಿರಲಿಲ್ಲ, ಖಾಲಿಯಾಗಿ ಕೂಡ. ಮೊದಲ ಸಲವೇ ಒಳಗೆ ಇಬ್ಬರು! ಮೇಲೇರುವಾಗ ಜೊತೆಗಾರ ಕ್ರಿಪನ್ ಅವರ ನಾಡಿ ನಿಮಿಷಕ್ಕೆ 130ರ ಹತ್ತಿರ, ಐವತ್ತು ದಾಟಿದ ಯಂಗ್ ಅವರದು 90ರ ಆಸುಪಾಸು. ಇಳಿದ ಮೇಲೆ ಮಾತ್ರ ಅವರನ್ನು ಹಿಡಿಯುವವರಿರಲಿಲ್ಲ. ಮೆಟ್ಟಿಲು ಇಳಿದವರೇ ನೌಕೆಯ ಹೊಟ್ಟೆಯಡಿ ಓಡಾಡಿ, ಶಾಖ ತಡೆಯುವ ಬಿಲ್ಲೆಗಳನ್ನೂ ಚಕ್ರಗಳನ್ನೂ ನೋಡಿ, ಖುಷಿಯಲ್ಲಿ ಮುಷ್ಟಿ ಬೀಸಿದರು.

ಆದರೆ ನಮ್ಮ ಮಾತು ನಿಂತಿರುವುದು ಅವರ ನೆಲದ ಕೆಲಸದ ಮೇಲೆ. 1974ರಿಂದ 1987ರವರೆಗೆ ಗಗನಯಾತ್ರಿಗಳ ಕಚೇರಿಗೆ ಅವರೇ ಮುಖ್ಯಸ್ಥರು. 1986ರಲ್ಲಿ ಚಾಲೆಂಜರ್ ಶಟಲ್ ಸಿಡಿದು ಏಳು ಮಂದಿ ಸತ್ತರು. ಅವರಲ್ಲಿ ಐವರು ಯಂಗ್ ಕಚೇರಿಯ ಗಗನಯಾತ್ರಿಗಳೇ. ಯಂಗ್ ಸುಮ್ನೆ ಕೂರಲಿಲ್ಲ. ವೇಳಾಪಟ್ಟಿಯ ಅವಸರಕ್ಕೆ ಸುರಕ್ಷತೆ ಬಲಿಯಾಗುತ್ತಿದೆ ಎಂದು ಮೆಮೊ ಮೇಲೆ ಮೆಮೊ ಬರೆದರು. ಮರುವರ್ಷ ಅವರಿಗೆ ಬೇರೆ ಹುದ್ದೆ ಬಂತು: ಸುರಕ್ಷತೆ ಮತ್ತು ಎಂಜಿನಿಯರಿಂಗ್ ವಿಷಯಗಳಲ್ಲಿ ನಾಸಾದ ಜಾನ್ಸನ್ ಬಾಹ್ಯಾಕಾಶ ಕೇಂದ್ರದ ನಿರ್ದೇಶಕರಿಗೆ ವಿಶೇಷ ಸಹಾಯಕ. ಬಾಯಿಬಿಟ್ಟದ್ದಕ್ಕೆ ಸಿಕ್ಕ ಬಹುಮಾನ ಅಂತಲೇ ನನ್ನ ಗುಮಾನಿ. ಹಬಲ್ ದೂರದರ್ಶಕ ಒಯ್ಯುವ ಹಾರಾಟಕ್ಕೆ ಅವರೇ ಕಮಾಂಡರ್ ಎಂದು ನಿಗದಿಯಾಗಿತ್ತು, ಅದೂ ಕೈತಪ್ಪಿತು. ಏಳನೇ ಹಾರಾಟ ಬರಲೇ ಇಲ್ಲ. ಆದರೂ ಬಿಟ್ಟುಹೋಗಲಿಲ್ಲ, ಇನ್ನೂ 17 ವರ್ಷ ಅಲ್ಲೇ ದುಡಿದರು.

ಸ್ಯಾಂಡ್‌ವಿಚ್ ಕತೆ ನಿಜ. 1965ರ ಜೆಮಿನಿ 3ರಲ್ಲಿ ಜೇಬಿನಲ್ಲಿ ಕದ್ದು ಒಯ್ದದ್ದು, ದನದ ಮಾಂಸದ್ದು. ಜೊತೆಗಿದ್ದ ಗ್ರಿಸಮ್ ಕಚ್ಚಿದರು, ಬ್ರೆಡ್ಡಿನ ಚೂರುಗಳು ತೇಲತೊಡಗಿದವು, ಮತ್ತೆ ಜೇಬಿಗೆ ತುರುಕಿದರು. ಚೂರು ಯಂತ್ರದೊಳಗೆ ಸೇರಿದ್ದರೆ ಫಜೀತಿ ಅಲ್ವಾ? ಅಮೆರಿಕದ ಸಂಸತ್ತಿನಲ್ಲೂ ಈ ಮಾತು ಬಂತು.