‘ರಾತ್ರಿ ಕರಗುವ ಮೂಳೆ’ ಕಳಿಸಿದವರಿಗೆ

ನಮಸ್ಕಾರ.

ಲ್ಯಾಬಿನ ಹುಡುಗಿಗೆ ನರ ಸಿಗದೆ ಎರಡು ಸಲ ಚುಚ್ಚಿದಾಗ ನಿಮ್ಮ ಅಮ್ಮ ‘ಬಾವಿ ಬತ್ತಿದೆ ಕಣವ್ವ, ನೀನೇನು ಮಾಡ್ತೀ’ ಅಂದರಂತಲ್ಲ, ಅಲ್ಲಿ ನಾನು ಜೋರಾಗಿ ನಕ್ಕೆ. ಹಾಗೆ ಬರೆಯಬಲ್ಲವರು ಉಳಿದ ನಾಲ್ಕು ಪುಟಗಳಲ್ಲಿ ಭಾಷಣ ಮಾಡಿದ್ದೇಕೆ? ಈಗಿನ ರೂಪದಲ್ಲಿ ಲೇಖನ ಹಾಕಿಕೊಳ್ಳಲಾರೆ.

ನಿಮ್ಮ ವಾದ ಇಷ್ಟು: ಮೂಳೆ ರಾತ್ರಿ ಹೊತ್ತು ಹೆಚ್ಚು ಸವೆಯುತ್ತದೆ. ಅಮ್ಮನಿಗೆ ಮೂರು ತಿಂಗಳು ಮಲಗುವ ಮುಂಚೆ ರಾಗಿ ಅಂಬಲಿ ಕೊಟ್ಟಿರಿ. ಮೂಳೆ ಸವೆತದ ಗುರುತೆಂದು ರಕ್ತದಲ್ಲಿ ಅಳೆಯುವ ಸಿಟಿಎಕ್ಸ್ 620ರಿಂದ 390ಕ್ಕೆ ಇಳಿಯಿತು. ಗೆದ್ದದ್ದು ಅಂಬಲಿ.

ಲಗತ್ತಿಸಿದ್ದ ಎರಡೂ ರಿಪೋರ್ಟ್ ತೆಗೆದು ನೋಡಿದೆ. ಮೊದಲನೆಯದರ ಮೂಲೆಯಲ್ಲಿ ರಕ್ತ ತೆಗೆದ ಹೊತ್ತು ಸಣ್ಣಕ್ಷರದಲ್ಲಿದೆ: ಬೆಳಿಗ್ಗೆ 7.50, ಖಾಲಿ ಹೊಟ್ಟೆ. ಎರಡನೆಯದು ಮಧ್ಯಾಹ್ನ 2.20. ‘ಊಟ ಮುಗಿಸಿಕೊಂಡೇ ಹೋದೆವು’ ಎಂದು ಮೂರನೇ ಪುಟದಲ್ಲಿ ನೀವೇ ಹೇಳಿದ್ದೀರಿ. ಮುಂದೆ ಓದುವ ಆಸೆಯೇ ಅಲ್ಲಿ ಬತ್ತಿತು.

ಹಳೆಯ ಮೂಳೆಯನ್ನು ಆಸ್ಟಿಯೋಕ್ಲಾಸ್ಟ್ ಕೋಶಗಳು ಕೆರೆದು ತೆಗೆಯುವಾಗ ರಕ್ತಕ್ಕೆ ಸೇರುವ ಕೊಲಾಜೆನ್ ಚೂರೇ ಸಿಟಿಎಕ್ಸ್. ಅದರ ಮಟ್ಟ ನಸುಕಿನಲ್ಲಿ ತುದಿ ಮುಟ್ಟುತ್ತದೆ, ಮಧ್ಯಾಹ್ನ ತಳ ಹಿಡಿಯುತ್ತದೆ. ಊಟವೂ ಅದನ್ನು ತಗ್ಗಿಸುತ್ತದೆ, ಏಕೆಂದರೆ ಉಂಡಾಗ ಕರುಳು ಬಿಡುವ ಹಾರ್ಮೋನುಗಳು ಆ ಕೆರೆತಕ್ಕೆ ಕಡಿವಾಣ ಹಾಕುತ್ತವೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗಂಡು–ಹೆಣ್ಣು, ವಯಸ್ಸು, ಮಲಗಿರುವುದು–ಎದ್ದಿರುವುದು ಯಾವುದೂ ಈ ಏರಿಳಿತವನ್ನು ಅಷ್ಟಾಗಿ ಅಲುಗಿಸಲಿಲ್ಲ. ಉಪವಾಸವಿಟ್ಟಾಗ ಮಾತ್ರ 36 ಶೇಕಡಾದಷ್ಟಿದ್ದ ಏರಿಳಿತ 9ರ ಆಸುಪಾಸಿಗೆ ಕುಸಿಯಿತು. ನಿಮ್ಮ ಅಮ್ಮ ಒಂದೇ ದಿನ 7.50ಕ್ಕೊಮ್ಮೆ, ಉಂಡು 2.20ಕ್ಕೊಮ್ಮೆ ರಕ್ತ ಕೊಟ್ಟಿದ್ದರೂ ಇಂಥದೇ ಇಳಿತ ಕಾಣಬಹುದಿತ್ತು. ಅಂಬಲಿಯ ಪಾಲೆಷ್ಟು, ಗಡಿಯಾರದ್ದೆಷ್ಟು, ಅನ್ನ ಸಾರಿನದ್ದೆಷ್ಟು ಎಂದು ಈ ಎರಡು ಕಾಗದ ಹೇಳಲಾರವು. (ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ. ನನ್ನ ಜಗಳ ರಾಗಿಯ ಮೇಲಲ್ಲ. ನಾನೂ ಮುದ್ದೆ ಉಣ್ಣುವವನೇ.)

ಶೀರ್ಷಿಕೆ ಬದಲಿಸಿ. ‘ಕರಗುವ’ ಅಂದರೆ ಓದುವ ಅಜ್ಜಿಯರು ನಿದ್ದೆಗೆಡುತ್ತಾರೆ. ಕೆರೆದ ಜಾಗವನ್ನು ಬೇರೆ ಕೋಶಗಳು ಮುಂದಿನ ತಿಂಗಳುಗಳಲ್ಲಿ ತುಂಬುತ್ತಾ ಬರುತ್ತವೆ. ದೊಡ್ಡವರ ಮೈಯಲ್ಲಿ ವರ್ಷಕ್ಕೆ ಸುಮಾರು ಹತ್ತನೇ ಒಂದು ಪಾಲು ಮೂಳೆ ಹೀಗೆ ಹೊಸದಾಗುತ್ತದೆ. ಆ ಕಟ್ಟುವ ಕೆಲಸದ ಗುರುತು ಪಿ1ಎನ್‌ಪಿ. ಅದು ಹೊತ್ತಿಗೂ ಊಟಕ್ಕೂ ಅಷ್ಟಾಗಿ ಜಗ್ಗುವುದಿಲ್ಲ. ನಿಮ್ಮ ಲೇಖನದಲ್ಲಿ ಅದರ ಹೆಸರೂ ಇಲ್ಲ.

‘ನೈಟ್ ಶಿಫ್ಟ್‌ನವರ ಮೂಳೆ ಟೊಳ್ಳಾಗುತ್ತದೆ’ ಎಂಬ ಸಾಲನ್ನು ಹೊಡೆದುಹಾಕಿದ್ದೇನೆ. ಮೂರು ವಾರ ಕಡಿಮೆ ನಿದ್ದೆ ಕೊಟ್ಟು, ದಿನವನ್ನು 28 ಗಂಟೆಗೆ ಎಳೆದು ಬೆರಳೆಣಿಕೆಯ ಗಂಡಸರ ಮೇಲೆ ಮಾಡಿದ ಪ್ರಯೋಗವೊಂದಿದೆ. ಅವರ ಪಿ1ಎನ್‌ಪಿ ಇಳಿಯಿತು, ಸಿಟಿಎಕ್ಸ್ ಇದ್ದಲ್ಲೇ ಇತ್ತು. ಕುತೂಹಲದ ಸಂಗತಿ, ಬರೆಯಿರಿ. ಅಲ್ಲಿಂದ ‘ಟೊಳ್ಳು’ ಬಹಳ ದೂರ.

ಈಗ ಮಾಡಬೇಕಾದದ್ದು: ಅಮ್ಮನ ಡಾಕ್ಟರನ್ನು ಕೇಳಿ, ಅದೇ ಲ್ಯಾಬಿನಲ್ಲಿ, ಖಾಲಿ ಹೊಟ್ಟೆಯಲ್ಲಿ, ಬೆಳಿಗ್ಗೆ ಎಂಟರ ಹೊತ್ತಿಗೆ ಮತ್ತೊಮ್ಮೆ ರಕ್ತ ಕೊಡಿಸಿ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ಕೆಲವು ಯಂತ್ರಗಳ ಲೆಕ್ಕ ಅದರಿಂದ ತಪ್ಪುತ್ತದೆ. ಸಂಖ್ಯೆ ಏರಲಿ, ಇಳಿಯಲಿ, ಮೂರೂ ರಿಪೋರ್ಟ್ ಇಟ್ಟುಕೊಂಡು ನೀವು ಮೋಸಹೋದ ಕಥೆಯನ್ನೇ ಬರೆಯಿರಿ. ಬಾವಿಯ ಮಾತಿನಿಂದ ಶುರುವಾಗಲಿ. ಎಂಟುನೂರು ಪದ ಸಾಕು. ಅಂಬಲಿ ಮಾಡುವ ವಿಧಾನ ಬೇಡ, ಅಡುಗೆ ಪುಟದವರು ನನ್ನ ಮೇಲೆ ಸಿಟ್ಟಾಗುತ್ತಾರೆ.